ಮುದ್ದೆ ಮುರಿಯುವ ಕೈ

ಲಕ್ವ ಹೊಡೆದವರ ಮನೆಗೆ ಹೋದರೆ ಮಂಚದ ಪಕ್ಕದಲ್ಲಿ ಒಂದು ಸ್ಪಂಜಿನ ಚೆಂಡು ಇದ್ದೇ ಇರುತ್ತದೆ. ನೋಡಲು ಬಂದ ನೆಂಟರಲ್ಲಿ ಯಾರೋ ತಂದುಕೊಟ್ಟಿರುತ್ತಾರೆ. "ದಿನಾ ನೂರು ಸಲ ಹಿಸುಕು, ಕೈಗೆ ಶಕ್ತಿ ಬರ್ತದೆ" ಎಂಬ ಸಲಹೆಯೂ ಅದರ ಜೊತೆಗೇ ಬಂದಿರುತ್ತದೆ. ಆದರೆ ಮೊದಲ ಕೆಲವು ವಾರ ಕಳೆದ ಮೇಲೆ ಬಹಳಷ್ಟು ಜನರಿಗೆ ಕಷ್ಟವಾಗುವುದು ಮುಷ್ಟಿ ಹಿಡಿಯುವುದಲ್ಲ, ಹಿಡಿದ ಮುಷ್ಟಿಯನ್ನು ಬಿಚ್ಚುವುದು. ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಗಿಯುತ್ತವೆ, ಮೊಣಕೈ ಎದೆಯ ಕಡೆಗೆ ಸೇದಿಕೊಳ್ಳುತ್ತದೆ. ಅಂಥ ಕೈಗೆ ಚೆಂಡು ಕೊಟ್ಟರೆ ಈಗಾಗಲೇ ಬಿಗಿದಿರುವುದಕ್ಕೇ ಇನ್ನಷ್ಟು ಅಭ್ಯಾಸ ಮಾಡಿಸಿದಂತಾಗುತ್ತದೆ. ಇನ್ನೊಂದು ಮಾತು: ಚೆಂಡು ಹಿಸುಕುವ ಕೆಲಸ ಯಾರ ಸಂಸಾರದಲ್ಲೂ ಇಲ್ಲ. ನೂರು ಸಲ ಹಿಸುಕಿದವರು ಊಟದ ಹೊತ್ತಿಗೆ ಬಾಯಿ ತೆರೆದು ಮಗಳು ಕೊಡುವ ತುತ್ತಿಗೆ ಕಾಯುತ್ತಾ ಕೂತಿರುತ್ತಾರೆ.

ಆಕ್ಯುಪೇಷನಲ್ ಥೆರಪಿ, ಅಂದರೆ ಔದ್ಯೋಗಿಕ ಚಿಕಿತ್ಸೆ, ಕೆಲಸ ಶುರುಮಾಡುವುದು ಇಲ್ಲಿಂದ. ಕೈ ಎಷ್ಟು ಡಿಗ್ರಿ ಎತ್ತುತ್ತದೆ ಎಂಬುದರ ಜೊತೆಗೆ ಆ ಕೈಯಿಂದ ರೋಗಿ ಏನು ಮಾಡಬೇಕಾಗಿದೆ ಎಂದೂ ಅದು ಕೇಳುತ್ತದೆ. ಉಣ್ಣಬೇಕೇ, ಪಂಚೆ ಕಟ್ಟಬೇಕೇ, ಸೀರೆಯ ನೆರಿಗೆ ಹಿಡಿಯಬೇಕೇ, ರೇಷ್ಮೆ ಗೂಡಿನಿಂದ ನೂಲು ತೆಗೆಯಬೇಕೇ? ಫಿಸಿಯೋಥೆರಪಿಯವರ ಪರಿಚಯ ನಮ್ಮ ತಾಲ್ಲೂಕು ಊರುಗಳಿಗೆ ಚೆನ್ನಾಗಿಯೇ ಆಗಿದೆ. ಅವರು ಕೀಲು, ಸ್ನಾಯು, ನಡಿಗೆ ನೋಡುತ್ತಾರೆ. 'ಓಟಿ'ಯವರು ಆ ದೇಹ ಮತ್ತೆ ದಿನಚರಿಗೆ ಸೇರುವಂತೆ ನೋಡಿಕೊಳ್ಳುತ್ತಾರೆ. ಎರಡರ ಗಡಿ ಅಲ್ಲಲ್ಲಿ ಕಲಸಿಹೋಗುವುದುಂಟು, ಅದರಿಂದ ರೋಗಿಗೆ ನಷ್ಟವೇನಿಲ್ಲ. ನಷ್ಟವಾಗುವುದು ಎರಡನೆಯವರು ಇದ್ದಾರೆ ಎಂಬುದೇ ಗೊತ್ತಿಲ್ಲದಾಗ.

ಈ ವೃತ್ತಿ ಸಂಘಟಿತವಾದದ್ದು 1917ರಲ್ಲಿ, ಅಮೆರಿಕದಲ್ಲಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಬುಟ್ಟಿ ಹೆಣೆಯುವುದು, ನೇಯ್ಗೆ, ಮರಗೆಲಸಗಳನ್ನೇ ಚಿಕಿತ್ಸೆಯಾಗಿ ಕೊಟ್ಟರು. ಭಾರತಕ್ಕೆ ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದ ಅವರು 1950ರಲ್ಲಿ ಮುಂಬೈನಲ್ಲಿ ದೇಶದ ಮೊದಲ ಔದ್ಯೋಗಿಕ ಚಿಕಿತ್ಸಾ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ವಿಶ್ವ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಹಳೆಯ ವಿದ್ಯೆ ಮಾಗಡಿಯ ಹಳ್ಳಿಯೊಂದರಲ್ಲಿ ಇನ್ನೂ ಹೊಸ ಹೆಸರಾಗಿಯೇ ಕೇಳಿಸುತ್ತದೆ.

ಇದರ ಸಿದ್ಧಾಂತಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ದೇಹವನ್ನು ಸನ್ನೆ, ಕೀಲು, ಹಗ್ಗಗಳ ಲೆಕ್ಕದಲ್ಲಿ ನೋಡುವ ಜೈವಿಕ ಯಂತ್ರಶಾಸ್ತ್ರದ ದಾರಿ. ಕನಕಪುರದ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವನ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿತ್ತು ಎನ್ನಿ. ಮಿದುಳು, ನರ ಎಲ್ಲ ಸರಿಯಾಗಿವೆ. ಕೀಲು ಪೆಡಸಾಗಿದೆ, ಸ್ನಾಯು ಸೊರಗಿದೆ. ಅವನಿಗೆ ಬೇಕಾದದ್ದು ಮೂರು: ಚಲನೆಯ ಹರವು, ಬಲ, ದಣಿಯದೆ ಕೆಲಸ ಮಾಡುವ ತಾಳಿಕೆ. ದಿನೇ ದಿನೇ ಸ್ವಲ್ಪ ಹೆಚ್ಚು ಭಾರ, ಸ್ವಲ್ಪ ಹೆಚ್ಚು ಹೊತ್ತು. ಇಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ.

ವಾದ ಇರುವುದು ಮಿದುಳಿಗೆ ಪೆಟ್ಟಾದಾಗ. ಲಕ್ವದಲ್ಲಿ ಸ್ನಾಯು ಸತ್ತಿರುವುದಿಲ್ಲ, ಅದಕ್ಕೆ ಬರಬೇಕಾದ ಆಜ್ಞೆ ತಪ್ಪಿರುತ್ತದೆ. ಬೆರಳು ಎತ್ತಲು ಹೋದರೆ ಭುಜ, ಮೊಣಕೈ ಎಲ್ಲ ಒಟ್ಟಿಗೆ ಏಳುತ್ತವೆ. ಇದಕ್ಕೆ ಏನು ಮಾಡಬೇಕು? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎರಡು ಪಂಥಗಳು ಎದುರುಬದುರಾಗಿ ನಿಂತವು. ಬರ್ಲಿನ್‌ನಿಂದ ಲಂಡನ್ನಿಗೆ ಬಂದು ನೆಲೆಸಿದ ಬರ್ಟಾ ಬೊಬಾತ್ ಮತ್ತು ಅವರ ಗಂಡ, ನರತಜ್ಞ ಕಾರೆಲ್ ಬೊಬಾತ್, ಈ ಕೆಟ್ಟ ಚಲನೆಯನ್ನು ಬೇರೂರಲು ಬಿಡಲೇಬಾರದು, ಬಿಗಿತವನ್ನು ಮೊದಲು ಇಳಿಸಿ ಸರಿಯಾದ ಚಲನೆಯನ್ನೇ ಕಲಿಸಬೇಕು ಎಂದರು. ಸ್ವೀಡನ್ ಮೂಲದ ಸಿಗ್ನೆ ಬ್ರುನ್‌ಸ್ಟ್ರೋಮ್ ಇದಕ್ಕೆ ವಿರುದ್ಧ. ಒಟ್ಟಾಗಿ ಏಳುವ ಚಲನೆ ಚೇತರಿಕೆಯ ದಾರಿಯಲ್ಲಿ ಬರುವ ಒಂದು ಹಂತ, ಮೊದಲು ಅದನ್ನೇ ಬಳಸಿಕೊಳ್ಳಿ, ಆಮೇಲೆ ಬಿಡಿಸಿಕೊಳ್ಳಬಹುದು ಎಂಬುದು ಆಕೆಯ ವಾದ. ಅವರು ಗುರುತಿಸಿದ ಚೇತರಿಕೆಯ ಹಂತಗಳು ಇಂದಿಗೂ ರೋಗಿಯ ಫೈಲಿನಲ್ಲಿ ಬರೆಯಲ್ಪಡುತ್ತವೆ. ಎರಡೂ ಪಂಥಗಳು ಶಿಷ್ಯರನ್ನು ಬೆಳೆಸಿದವು, ಕಾಲೇಜುಗಳನ್ನು ಹಂಚಿಕೊಂಡವು. ಕೊನೆಗೆ ಪರೀಕ್ಷಿಸಿ ನೋಡಿದಾಗ ಬೊಬಾತ್ ವಿಧಾನ ಬೇರೆ ವಿಧಾನಗಳಿಗಿಂತ ಮೇಲು ಎಂದು ಸಾಬೀತಾಗಲಿಲ್ಲ. ಗೆದ್ದದ್ದು ಮೂರನೆಯ ಮಾತು: ಯಾವ ಕೆಲಸ ವಾಪಸ್ ಬರಬೇಕೋ ಆ ಕೆಲಸವನ್ನೇ, ಸಾಧ್ಯವಾದಷ್ಟು ಅಸಲಿ ವಸ್ತುಗಳಿಂದ, ಮತ್ತೆ ಮತ್ತೆ ಮಾಡಿಸಿ. ಚಿಕಿತ್ಸಕರ ಕೈಚಳಕಕ್ಕಿಂತ ರೋಗಿಯ ಅಭ್ಯಾಸ ಮುಖ್ಯವಾಯಿತು.

ಈ ಬದಲಾವಣೆಗೆ ಬಲ ಕೊಟ್ಟವರಲ್ಲಿ ಎಡ್ವರ್ಡ್ ಟಾಬ್ ಒಬ್ಬರು. ಒಂದು ಕೈಯ ಸ್ಪರ್ಶದ ನರಗಳನ್ನು ಕತ್ತರಿಸಿದ ಕೋತಿಗಳು ಆ ಕೈಯನ್ನು ಬಳಸುವುದನ್ನೇ ಬಿಟ್ಟುಬಿಡುತ್ತಿದ್ದವು. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮಾತ್ರ ಬಿಟ್ಟ ಕೈ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಕೈಗೆ ಶಕ್ತಿ ಇತ್ತು, ಮೊದಮೊದಲು ಸೋತು ಸೋತು ಬಳಸದಿರುವುದನ್ನು ಪ್ರಾಣಿ ಕಲಿತುಬಿಟ್ಟಿತ್ತು. (ಆ ಕೋತಿಗಳನ್ನು ಇಟ್ಟುಕೊಂಡಿದ್ದ ರೀತಿಯ ಬಗ್ಗೆ 1981ರಲ್ಲಿ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ಆಯಿತು, ಅದು ಬೇರೆ ಕಥೆ.) ಮನುಷ್ಯರಲ್ಲೂ ಇದೇ ನಡೆಯುತ್ತದೆ. ಬಲಗೈಗೆ ಲಕ್ವವಾದವರು ಎಡಗೈಯಲ್ಲೇ ಎಲ್ಲ ಮುಗಿಸುತ್ತಾ ಹೋದರೆ, ಮೂರು ತಿಂಗಳ ಹೊತ್ತಿಗೆ ಬಲಗೈ ಅಂಗಿ ತೋಳಿನೊಳಗೆ ಸುಮ್ಮನೆ ಜೋತುಬಿದ್ದಿರುತ್ತದೆ. ಅದಕ್ಕೆ ಟಾಬ್ ಹೇಳಿದ ಚಿಕಿತ್ಸೆ ಕಠಿಣ. ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ದಪ್ಪ ಕೈಗವಸು ತೊಡಿಸಿ, ಬಿದ್ದ ಕೈಯಿಂದಲೇ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ, 222 ಜನರನ್ನು ಒಳಗೊಂಡ ಅಮೆರಿಕದ ಅಧ್ಯಯನ ಇದರಿಂದ ಲಾಭವಿದೆ ಎಂದು ತೋರಿಸಿತು. ಆದರೆ ಇದು ಎಲ್ಲರಿಗೂ ಅಲ್ಲ. ಮಣಿಕಟ್ಟು ಮತ್ತು ಬೆರಳುಗಳು ಸ್ವಲ್ಪವಾದರೂ ತಾವಾಗಿ ಹಿಂದಕ್ಕೆ ಏಳುವಂತಿರಬೇಕು. ಒಂದಿಷ್ಟೂ ಅಲುಗದ ಕೈಯ ಮೇಲೆ ಈ ಹಟ ಪ್ರಯೋಗಿಸಿದರೆ ರೋಗಿ ಅಳುವುದಷ್ಟೇ ಉಳಿಯುತ್ತದೆ. ಅಂಥವರಿಗೆ ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕಂಡುಕೊಂಡ ಕನ್ನಡಿ ಚಿಕಿತ್ಸೆಯುಂಟು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಒಳ್ಳೆಯ ಕೈ ಆಡುವುದನ್ನು ಬಿದ್ದ ಕೈಯೇ ಆಡುತ್ತಿದೆ ಎನ್ನುವಂತೆ ನೋಡುವುದು. ಮೊದಲು ಕತ್ತರಿಸಿಹೋದ ಅಂಗದ ನೋವಿಗೆ ಬಳಸಿದರು, ಆಮೇಲೆ ಲಕ್ವಕ್ಕೂ ಬಂತು. ಖರ್ಚು ಒಂದು ಕನ್ನಡಿಯಷ್ಟೇ.

ಈಗ ಎಣಿಕೆಯ ಮಾತಿಗೆ ಬರೋಣ. ಮಿದುಳಿನಲ್ಲಿ ಹೊಸ ದಾರಿ ಮೂಡುವಂತೆ ಪ್ರಾಣಿಗಳಿಗೆ ಅಭ್ಯಾಸ ಮಾಡಿಸುವ ಪ್ರಯೋಗಗಳಲ್ಲಿ ಒಂದು ದಿನಕ್ಕೆ ನೂರಾರು ಸಲ ಅದೇ ಚಲನೆ ನಡೆಯುತ್ತದೆ. ಆಸ್ಪತ್ರೆಯ ಚಿಕಿತ್ಸಾ ಅವಧಿಯಲ್ಲಿ ಎಷ್ಟು? ಅಮೆರಿಕ ಮತ್ತು ಕೆನಡಾದಲ್ಲಿ ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕೈಯ ಉಪಯುಕ್ತ ಚಲನೆ ಸರಾಸರಿ 32 ಸಲ. ಇದನ್ನು ಓದಿದಾಗ ನನ್ನ ತಲೆಗೆ ಬಂದದ್ದು ರಾಮನಗರ ಸೀಮೆಯ ಹುಳುಮನೆ. ಹಣ್ಣಾದ ರೇಷ್ಮೆ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುವ ದಿನ, ನಾಲ್ಕಡಿ ಆರಡಿಯ ಒಂದು ಚಂದ್ರಿಕೆಗೆ ಸುಮಾರು ಸಾವಿರ ಹುಳು. ಪ್ರತಿಯೊಂದನ್ನೂ ಹೆಬ್ಬೆರಳು ತೋರುಬೆರಳ ತುದಿಯಲ್ಲಿ ಹಿಡಿಯಬೇಕು, ಎತ್ತಬೇಕು, ಬಿಡಬೇಕು. ಸ್ವಲ್ಪ ಬಿಗಿಯಾದರೆ ಹುಳು ನಜ್ಜಾಗುತ್ತದೆ, ಒಂದು ಗೂಡು ಹೋಯಿತು. ಹಿಡಿತದ ಬಲವನ್ನು ಆ ಕ್ಷಣವೇ ತಿದ್ದುವ ಇಂಥ ಗುರು ಯಾವ ಆಸ್ಪತ್ರೆಯ ಬೀರುವಿನಲ್ಲೂ ಇಲ್ಲ.

ಹಾಗೆಂದು ಲಕ್ವದವರನ್ನು ನೇರವಾಗಿ ಹುಳು ಎತ್ತಲು ಕೂರಿಸುವುದು ಸರಿಯಲ್ಲ. ಹುಳು ಹಣ್ಣಾದ ಮೇಲೆ ಅದು ಓಟದ ಕೆಲಸ, ಅಷ್ಟೂ ಹುಳು ಒಂದೆರಡು ದಿನದಲ್ಲಿ ಚಂದ್ರಿಕೆ ಸೇರಬೇಕು. ಇಂಥಲ್ಲಿ ಚಿಕಿತ್ಸಕರ ವಿದ್ಯೆ ಕಾಣುವುದು ಕೆಲಸವನ್ನು ಮೆಟ್ಟಿಲು ಮಾಡುವುದರಲ್ಲಿ. ಮೊದಲು ಬಿಡಿಸಿಟ್ಟ ಗೂಡುಗಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾಕುವುದು. ಗೂಡು ತೂಕವಿಲ್ಲದ ವಸ್ತು, ಎರಡು ಗ್ರಾಂ ಮುಟ್ಟಿದರೆ ಹೆಚ್ಚು, ಜಾರಿದರೂ ಒಡೆಯುವುದಿಲ್ಲ. ಆಮೇಲೆ ಜೋಡಿ ಗೂಡು, ಕಲೆ ಬಿದ್ದ ಗೂಡು ಬೇರ್ಪಡಿಸುವುದು. ಅದಾದ ಮೇಲೆ ಗೂಡಿನ ಹೊರಗಿನ ಜುಂಗು ತೆಗೆಯುವುದು, ಅದಕ್ಕೆ ಎರಡು ಕೈಯೂ ಬೇಕು. ಮುಂದಿನ ಬೆಳೆಯ ಹೊತ್ತಿಗೆ ಕೈ ಒಪ್ಪಿದರೆ ಹುಳು. ಆದರೆ ಗೂಡು ಬೇಯಿಸುವ ಬೇಸಿನ್ನಿನ ಹತ್ತಿರ ಮಾತ್ರ ಬೇಡ. ಸ್ಪರ್ಶ ಕಳೆದುಕೊಂಡ ಕೈಗೆ ಕುದಿನೀರು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆಯೇ.

ಮಾಗಡಿಯ ಕಡೆ ಅವರೆಕಾಯಿ ಕಾಲದಲ್ಲಿ ಮನೆಯವರೆಲ್ಲ ಕೂತು ನೆನೆದ ಕಾಳನ್ನು ಹಿತುಕುತ್ತಾರಲ್ಲ, ಅದೂ ಇದೇ ಜಾತಿಯ ಕೆಲಸ. ಬೆರಳ ತುದಿಯ ಬಲ, ಹೆಬ್ಬೆರಳಿನ ಜಾರು, ಜೊತೆಗೆ ಸುತ್ತ ಹರಟೆ. ಮೂಲೆಯ ಮಂಚದಿಂದ ಎದ್ದು ಆ ಗುಂಪಿನೊಳಗೆ ಬಂದು ಕೂರುವುದೇ ಅರ್ಧ ಚಿಕಿತ್ಸೆ ಎಂದು ನಾನು ನಂಬಿದ್ದೇನೆ.

ಚನ್ನಪಟ್ಟಣದ ವಿಷಯ ಇನ್ನೂ ಸೊಗಸು. ಆಕ್ಯುಪೇಷನಲ್ ಥೆರಪಿ ವಿಭಾಗಕ್ಕೆ ಹೋಗಿ ನೋಡಿದರೆ ಅಲ್ಲಿರುವುದು ಗೂಟಕ್ಕೆ ಪೋಣಿಸುವ ಬಣ್ಣದ ಬಳೆಗಳು, ತೂತುಹಲಗೆಗೆ ಚುಚ್ಚುವ ಗೂಟಗಳು, ದಾರಕ್ಕೆ ಹಾಕುವ ಮರದ ಮಣಿಗಳು. ಇದೇ ಸಾಮಾನು ಚನ್ನಪಟ್ಟಣದ ಅಂಗಡಿ ಸಾಲಿನಲ್ಲಿ ಮಕ್ಕಳ ಆಟಿಕೆ ಎಂದು ಮಾರಾಟವಾಗುತ್ತದೆ. ಹಾಲೆ ಮರದ ಹಗುರ ತಿರುಳು, ಅರಗಿನ ಬಣ್ಣ, ತಾಳೆಗರಿಯ ಹೊಳಪು, 2000ದ ದಶಕದಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆ ಎಲ್ಲವೂ ಇರುವ ಆಟಿಕೆ. ಹೊರಗಿನಿಂದ ದುಬಾರಿ ಬೆಲೆಗೆ ತರಿಸುವ ಪ್ಲಾಸ್ಟಿಕ್ ಸೆಟ್ಟಿನ ಬದಲು ಇದನ್ನೇ ಬಳಸಲು ತಡೆಯೇನೂ ಇಲ್ಲ. ಬುಗುರಿಯನ್ನು ಮೂರು ಬೆರಳಲ್ಲಿ ಹಿಡಿದು ತಿರುಗಿಸಿ ಬಿಡುವುದರಲ್ಲಿ ಹಿಡಿಯುವುದು, ಮುಂಗೈ ತಿರುಗಿಸುವುದು, ತಟ್ಟನೆ ಬಿಡುವುದು ಮೂರೂ ಇವೆ. ಲಕ್ವದ ಕೈಗೆ ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಅಷ್ಟೇ ಬೇಕಾದದ್ದು.

ಆಟಿಕೆ ಮಾಡುವವರಿಗೇ ಲಕ್ವ ಹೊಡೆದರೆ? ಲೇತಿನಲ್ಲಿ ಮರ ಸುತ್ತುತ್ತಿರುವಾಗ ಎರಡು ಕೈ ಸೇರಿ ಉಳಿಯನ್ನು ಅಲುಗದಂತೆ ಹಿಡಿಯಬೇಕು, ಅರಗಿನ ಕಡ್ಡಿಯನ್ನು ಒತ್ತಿ ಘರ್ಷಣೆಯ ಕಾವಿನಲ್ಲಿ ಬಣ್ಣ ಕರಗಿಸಬೇಕು. ಕೈ ತಟ್ಟನೆ ಸೆಳೆತಕ್ಕೆ ಸಿಕ್ಕರೆ ಉಳಿ ಎಗರುತ್ತದೆ. ಹೀಗಾಗಿ ಅವರು ಹೋದ ಕೂಡಲೇ ಲೇತಿನ ಮುಂದೆ ಕೂರುವುದು ಬೇಡ. ನಿಂತ ಮರಕ್ಕೆ ಉಪ್ಪುಕಾಗದ ಉಜ್ಜುವುದು, ಗೊಂಬೆಯ ಭಾಗಗಳನ್ನು ಜೋಡಿಸುವುದು, ಕಣ್ಣು ಮೂಗು ಬರೆಯುವುದು ಮೊದಲು. ಲೇತಿಗೆ ವಾಪಸ್ ಹೋಗಲು ಆಗದಿದ್ದರೂ ಕುಲುಮೆಯಂತೆ ಸದಾ ಸದ್ದಿರುವ ಆ ಕಾರ್ಖಾನೆಯಲ್ಲಿ ಅವರಿಗೊಂದು ಜಾಗ, ಒಂದು ಕೂಲಿ ಉಳಿಯುತ್ತದೆ.

ಇಲ್ಲಿ ಔದ್ಯೋಗಿಕ ಚಿಕಿತ್ಸೆಯ ಅತಿ ಕಷ್ಟದ ನಿರ್ಧಾರ ಎದುರಾಗುತ್ತದೆ. ಹೋದದ್ದನ್ನು ವಾಪಸ್ ತರಲು ಇನ್ನೂ ಹೆಣಗಬೇಕೇ, ಹೋಯಿತು ಎಂದು ಒಪ್ಪಿ ಬೇರೆ ದಾರಿ ಹುಡುಕಬೇಕೇ? ಎರಡನೆಯದಕ್ಕೆ ಪರಿಹಾರ ಮಾರ್ಗ ಎನ್ನೋಣ. ಬೈಕಿನಿಂದ ಬಿದ್ದವರ ತೋಳನ್ನೇ ತೆಗೆದುಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳನ್ನು ಬಿಡದಂತೆ 2023ರ ಆಗಸ್ಟ್ 1ರಿಂದ ತಡೆ ಬಂತು. ಆದರೂ ಪಕ್ಕದ ರಸ್ತೆಗಳಲ್ಲಿ, ಹಳ್ಳಿ ದಾರಿಗಳಲ್ಲಿ ಬೈಕಿನಿಂದ ಎಗರಿ ಭುಜದ ಮೇಲೆ ಬೀಳುವ ಹುಡುಗರಿದ್ದಾರೆ. ಹೆಲ್ಮೆಟ್ ತಲೆ ಉಳಿಸುತ್ತದೆ, ಕುತ್ತಿಗೆ ಮತ್ತು ಭುಜದ ನಡುವೆ ನರಗಳ ಬುಡವೇ ಕಿತ್ತುಹೋಗಬಹುದು. ಆ ತೋಳು ಮತ್ತೆ ಹಳೆಯ ತೋಳಾಗುವುದು ಅಪರೂಪ. ತಿಂಗಳುಗಳ ಒಳಗೆ ನರದ ಶಸ್ತ್ರಚಿಕಿತ್ಸೆಗೆ ತೋರಿಸಬೇಕು, ಅದರ ಜೊತೆಗೇ ಒಂದೇ ಕೈಯಲ್ಲಿ ಗುಂಡಿ ಹಾಕುವುದು, ತರಕಾರಿ ಹೆಚ್ಚುವುದು ಶುರುವಾಗಬೇಕು. ಮೊಳೆ ಹೊಡೆದ ಹಲಗೆಗೆ ಈರುಳ್ಳಿ ಚುಚ್ಚಿಟ್ಟರೆ ಒಂದೇ ಕೈಯಲ್ಲಿ ಹೆಚ್ಚಬಹುದು. ಇಂಥ ಉಪಾಯಗಳನ್ನು ಸೋಲು ಎಂದು ಭಾವಿಸುವ ಮನೆಗಳಿವೆ. ಒಂದೇ ಕೈಯಲ್ಲಿ ಅಡುಗೆ ಮಾಡಿ ತಿನ್ನುವ ಇಪ್ಪತ್ತೈದರ ಹುಡುಗ ಸೋತವನೆಂದು ನನಗಂತೂ ಅನ್ನಿಸುವುದಿಲ್ಲ.

ಮಾವಿನ ಕಾಲದಲ್ಲಿ ಮರದಿಂದ ಬಿದ್ದು ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಮನೆಯವರಿಗೆ ಇದು ಗೊತ್ತಿರಲೇಬೇಕು. ಕೆಲವರಿಗೆ ಬೆರಳು ಆಡುವುದಿಲ್ಲ, ಆದರೆ ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಶಕ್ತಿ ಉಳಿದಿರುತ್ತದೆ. ಮಣಿಕಟ್ಟು ಎತ್ತಿದಾಗ ಸ್ನಾಯುರಜ್ಜುಗಳು ಎಳೆದುಕೊಂಡು ಬೆರಳುಗಳು ತಾವಾಗಿ ಮಡಚುತ್ತವೆ, ಇಳಿಸಿದಾಗ ಬಿಚ್ಚುತ್ತವೆ. ಇಷ್ಟರಿಂದಲೇ ಲೋಟ ಹಿಡಿಯಬಹುದು, ಪೆನ್ನು ಹಿಡಿಯಬಹುದು. ಆದರೆ "ಬೆರಳು ಮರಗಟ್ಟಬಾರದು" ಎಂದು ಅಕ್ಕರೆಯಿಂದ ದಿನಾ ಎಣ್ಣೆ ಹಚ್ಚಿ ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ನೀವಿ ನೀವಿ ಚಾಚಿಸಿದರೆ ಆ ರಜ್ಜುಗಳು ಸಡಿಲಾಗಿ ಈ ಹಿಡಿತವೇ ಹೊರಟುಹೋಗುತ್ತದೆ. ಬೆರಳು ಚಾಚುವಾಗ ಮಣಿಕಟ್ಟು ಕೆಳಗಿರಬೇಕು. ಲಕ್ವದವರನ್ನು ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ, ಎಂಬುದೂ ಇದೇ ಪಟ್ಟಿಗೆ ಸೇರುವ ಮಾತು.

ವಾಪಸ್ ತರುವುದೋ ಬದಲಿ ಹುಡುಕುವುದೋ ಎಂಬುದನ್ನು ವಿದೇಶಿ ಪಠ್ಯಪುಸ್ತಕ ನಮಗಾಗಿ ತೀರ್ಮಾನಿಸಲಾರದು. ಬಲಗೈ ಹೋದರೆ ಎಡಗೈಯಲ್ಲಿ ತಿನ್ನುವುದನ್ನು ಕಲಿಸಿ ಎಂದು ಅದು ಸಲೀಸಾಗಿ ಹೇಳುತ್ತದೆ, ಚಮಚದ ಹಿಡಿ ದಪ್ಪ ಮಾಡಿ ಎನ್ನುತ್ತದೆ. ನಮ್ಮಲ್ಲಿ ಎಡಗೈ ತೊಳೆಯುವ ಕೈ. ನಾಲ್ಕು ಜನರ ಪಂಕ್ತಿಯಲ್ಲಿ ಎಡಗೈಯಿಂದ ಉಣ್ಣುವ ಬದಲು ಮದುವೆಗೇ ಹೋಗದಿರುವವರುಂಟು. ಜೊತೆಗೆ ಊಟ ಚಮಚದ್ದಲ್ಲ, ಮುದ್ದೆಯದು. ಮುದ್ದೆಯನ್ನು ಬಿಡಿಸಿ ನೋಡಿ: ಹೆಬ್ಬೆರಳು ಮತ್ತು ಮೂರು ಬೆರಳಲ್ಲಿ ಚಿವುಟಿ ಮುರಿಯಬೇಕು, ಅಂಗೈಯತ್ತ ಹೊರಳಿಸಿ ಗುಂಡು ಮಾಡಬೇಕು, ಸಾರಿಗೆ ಅದ್ದಬೇಕು, ಬಾಯಿಗೆ ಒಯ್ದು ಬಿಡಬೇಕು. ಅನ್ನಕ್ಕಿಂತ ಇದು ಬಡ ಕೈಗೆ ಅನುಕೂಲ, ಏಕೆಂದರೆ ಮುದ್ದೆ ಅಂಟಿಕೊಂಡಿರುತ್ತದೆ, ಅಗುಳಿನ ಹಾಗೆ ಬೆರಳ ಸಂದಿಯಿಂದ ಉದುರುವುದಿಲ್ಲ. ಬಲಗೈ ಸ್ವಲ್ಪ ಅಲುಗುವವರಿಗೆ ನಾನಾದರೆ ಚಮಚಕ್ಕಿಂತ ಮೊದಲು ಮುದ್ದೆಯನ್ನೇ ಕೊಡಿಸಲು ಕೇಳುತ್ತೇನೆ. ಆದರೆ ಎರಡು ಎಚ್ಚರ. ಲಕ್ವದಲ್ಲಿ ನುಂಗುವ ಶಕ್ತಿಯೂ ಕೆಡಬಹುದು, ಅಗಿಯದೆ ನುಂಗುವ ಮುದ್ದೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನುಂಗುವುದನ್ನು ಪರೀಕ್ಷಿಸಿ ಸರಿ ಎಂದ ಮೇಲೆಯೇ ತುತ್ತು. ಬಿಸಿಯನ್ನು ಮೊದಲು ಒಳ್ಳೆಯ ಕೈಯಲ್ಲಿ ಮುಟ್ಟಿ ನೋಡಬೇಕು. ಮುದ್ದೆ ತೊಳಸುವುದು ಇನ್ನೊಂದು ಪಾಠ. ಒಂದು ಕೈ ಕೋಲಿಗೆ, ಪಾತ್ರೆ ಅಲುಗದಂತೆ ಹಿಡಿಯಲು ಇನ್ನೊಂದು. ಪಾತ್ರೆಯನ್ನು ಭದ್ರವಾಗಿ ಕೂರಿಸುವ ಕಬ್ಬಿಣದ ಸ್ಟ್ಯಾಂಡ್ ಒಂದಿದ್ದರೆ ಒಂಟಿ ಕೈಯ ಹೆಂಗಸು ಮತ್ತೆ ತನ್ನ ಒಲೆಯ ಮುಂದೆ ನಿಲ್ಲಬಹುದು.

ಯಾವುದು ಮುಖ್ಯ ಎಂದು ರೋಗಿಯನ್ನೇ ಕೇಳಬೇಕು ಎಂಬುದನ್ನು ಒಂದು ವಿಧಾನವಾಗಿ ಕಟ್ಟಿದವರು ಕೆನಡಾದವರು, 1991ರಲ್ಲಿ. ನಿಮಗೆ ಕಷ್ಟವಾಗಿರುವ ಕೆಲಸಗಳು ಯಾವುವು, ಒಂದೊಂದಕ್ಕೂ ಹತ್ತರಲ್ಲಿ ಎಷ್ಟು ಮಹತ್ವ, ಈಗ ಎಷ್ಟು ಚೆನ್ನಾಗಿ ಮಾಡುತ್ತೀರಿ, ಅದರಿಂದ ಎಷ್ಟು ತೃಪ್ತಿ? ಇದಕ್ಕೂ ಹನ್ನೊಂದು ವರ್ಷ ಮೊದಲೇ ಗ್ಯಾರಿ ಕೀಲ್‌ಹಾಫ್ನರ್ ಮತ್ತು ಅವರ ಸಂಗಡಿಗರು ಮನುಷ್ಯನ ಕೆಲಸವೆಂದರೆ ಇಚ್ಛೆ, ರೂಢಿ, ಸಾಮರ್ಥ್ಯ ಮತ್ತು ಪರಿಸರ ಸೇರಿದ್ದು ಎಂಬ ಮಾದರಿ ಮುಂದಿಟ್ಟಿದ್ದರು. ಇದರ ಸತ್ಯ ವೆಲ್ಲೂರಿನಲ್ಲಿ ಆ ಹೊತ್ತಿಗಾಗಲೇ ಕಂಡಿತ್ತು. ಕುಷ್ಠದಿಂದ ಪಂಜದಂತೆ ಮುರುಟಿದ ಕೈಗಳನ್ನು ರಜ್ಜು ಬದಲಿಸಿ ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಅಲ್ಲಿ ಶುರುಮಾಡಿದರು. ಕೈ ನೆಟ್ಟಗಾದ ಕೆಲವರು ವಾಪಸ್ ಬಂದು ದೂರಿದರು: ಈಗ ಭಿಕ್ಷೆಯೂ ಹುಟ್ಟುತ್ತಿಲ್ಲ. ಕೈ ಸರಿಯಾಯಿತು, ಕೈಗೆ ಕೆಲಸವಿರಲಿಲ್ಲ. ಬ್ರ್ಯಾಂಡ್ ಆಮೇಲೆ ಅವರಿಗಾಗಿ ಒಂದು ಕೇಂದ್ರ ಕಟ್ಟಿ ಮರಗೆಲಸ ಕಲಿಸಲು ತೊಡಗಿದರು.

ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುವ ಪದ್ಧತಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಅದರಲ್ಲಿ ಹೋಗುವುದು ಪಾರಿವಾಳದ ಜೀವ ಮಾತ್ರವಲ್ಲ, ಮಿದುಳು ಹೆಚ್ಚು ಕಲಿಯಲು ಸಿದ್ಧವಿರುವ ಮೊದಲ ಕೆಲವು ತಿಂಗಳುಗಳೂ ಹೋಗುತ್ತವೆ. ಅದಕ್ಕಿಂತ ಸಾಮಾನ್ಯವಾದ ಅಡ್ಡಿ ಪ್ರೀತಿ. "ನೀನು ಸುಮ್ನೆ ಕೂತ್ಕೊಳವ್ವ, ನಾನ್ ತಿನ್ನಿಸ್ತೀನಿ" ಎನ್ನುವ ಮಗ ತಾಯಿಯ ಕೈಯಿಂದ ದಿನಕ್ಕೆ ನೂರು ಅಭ್ಯಾಸಗಳನ್ನು ಕಸಿಯುತ್ತಿರುತ್ತಾನೆ. ಚೆಲ್ಲಿದರೆ ಚೆಲ್ಲಲಿ, ಊಟ ಮುಕ್ಕಾಲು ಗಂಟೆ ಹಿಡಿದರೆ ಹಿಡಿಯಲಿ.

ರಾಮನಗರದಿಂದ ಬೆಂಗಳೂರಿಗೆ ಐವತ್ತು ಕಿಲೋಮೀಟರ್. ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವಿದೆ, ಅಂಗವಿಕಲರಿಗಾಗಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ ಸಂಸ್ಥೆ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ಅಲ್ಲಿವೆ. ಆದರೆ ವಾರಕ್ಕೆರಡು ಸಲ ರೋಗಿಯನ್ನು ಕರೆದೊಯ್ಯಲು ಮನೆಯ ಇನ್ನೊಬ್ಬರ ಕೂಲಿ ಹೋಗುತ್ತದೆ, ಮೂರನೆಯ ವಾರಕ್ಕೆ ನಿಂತುಬಿಡುತ್ತದೆ. ಹಾಗಾಗಿ ವಾರಾವಾರ ಓಡಾಡುವುದಕ್ಕಿಂತ, ಮೊದಲು ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡಬೇಕಾದ ಕೆಲಸಗಳ ಮೆಟ್ಟಿಲುಗಳನ್ನು ಕನ್ನಡದಲ್ಲಿ ಬರೆಸಿಕೊಂಡು ಬಂದು, ತಿಂಗಳಿಗೊಮ್ಮೆ ತೋರಿಸುವುದು ನಡೆಯುವಂಥ ದಾರಿ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ವೈದ್ಯರನ್ನು 'ಓಟಿ' ಎಂದು ಹೆಸರು ಹಿಡಿದೇ ಕೇಳಿ. ಅದನ್ನು ಕೊಡುವವರು ಮಾನ್ಯತೆ ಪಡೆದ ಕೋರ್ಸು ಮಾಡಿದವರೇ ಎಂದು ವಿಚಾರಿಸಿ. 2021ರ ಸಹವೈದ್ಯಕೀಯ ವೃತ್ತಿಗಳ ಕಾಯ್ದೆಯಡಿ ಈ ವೃತ್ತಿಗೂ ನೋಂದಣಿಯ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗಾಗಿ ಮಾತ್ರ ಅವರ ಬಳಿ ಹೋಗುವವರೇ ಹೆಚ್ಚು. ಮುಂದಿನ ಸಲ ಹೋದಾಗ ಸಾಧನ ಸಲಕರಣೆ ಎಲ್ಲಿ ಸಿಗುತ್ತದೆ, ಥೆರಪಿ ಶಿಬಿರ ಯಾವಾಗ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ.